ಗೋಡೆಯೊಳಗಿನ ವೈರು: ಬ್ರಿಟನ್ನಿನ ಪರೀಕ್ಷಾ ನಿಯಮಗಳು ನಡೆದುಬಂದ ದಾರಿ

ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಐದು ವರ್ಷಕ್ಕೊಮ್ಮೆಯಾದರೂ ಅದರ ವೈರಿಂಗನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. ಅಪಾಯವಿದೆ ಎಂದು ವರದಿ ಹೇಳಿದರೆ 28 ದಿನದೊಳಗೆ, ತುರ್ತು ಎಂದಿದ್ದರೆ ಅದಕ್ಕೂ ಮೊದಲೇ ಸರಿಪಡಿಸಬೇಕು. ಈ ಕಾನೂನು ಬಂದದ್ದು 2020ರಲ್ಲಿ. ತಪ್ಪಿದವರಿಗೆ 30,000 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಆಗ ಸ್ಥಳೀಯ ಆಡಳಿತಗಳಿಗೆ ಸಿಕ್ಕಿತು. ಆದರೆ ವೈರಿಂಗಿನ ದೋಷ ಕಣ್ಣಿಗೆ ಕಾಣುವಂಥದ್ದಲ್ಲ, ಪರೀಕ್ಷೆ ಮಾಡಿಯೇ ಹಿಡಿಯಬೇಕು ಎಂದು ಅಲ್ಲಿನ ಎಂಜಿನಿಯರುಗಳು ಬರೆದಿಟ್ಟದ್ದು 1882ರಲ್ಲಿ. ನಡುವೆ 138 ವರ್ಷ ಉರುಳಿವೆ.

ಲಂಡನ್ನಿನ ಸವಾಯ್ ಥಿಯೇಟರು ಪೂರ್ತಿ ವಿದ್ಯುತ್ ದೀಪಗಳಿಂದ ಬೆಳಗಿದ್ದು 1881ರಲ್ಲಿ. ಹೊಸ ಬೆಳಕಿನ ಜೊತೆಗೆ ಬೆಂಕಿಯ ಭಯವೂ ಬಂತು. ಟೆಲಿಗ್ರಾಫ್ ಎಂಜಿನಿಯರುಗಳ ಸಂಘ ಒಂದು ಸಮಿತಿ ಮಾಡಿತು. ವಿಲಿಯಂ ಕ್ರೂಕ್ಸ್, ಆರ್.ಇ. ಕ್ರಾಂಪ್ಟನ್, ವಿಲಿಯಂ ಪ್ರೀಸ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಅದರಲ್ಲಿದ್ದರು. ಇಷ್ಟು ಘಟಾನುಘಟಿಗಳು ಸೇರಿ 1882ರ ಜೂನ್‌ನಲ್ಲಿ ಹೊರತಂದದ್ದು ನಾಲ್ಕೇ ಪುಟದ ಕಿರುಹೊತ್ತಿಗೆ. ಹೆಸರಿನಲ್ಲೇ ಉದ್ದೇಶ ಸ್ಪಷ್ಟ: ವಿದ್ಯುತ್ ದೀಪಗಳಿಂದಾಗುವ ಬೆಂಕಿಯ ಅಪಾಯ ತಡೆಯುವ ನಿಯಮಗಳು.

ಅದರ ಪೀಠಿಕೆಯನ್ನು ಈಗ ಓದಿದರೂ ಹಳತೆನಿಸುವುದಿಲ್ಲ. ವಿದ್ಯುತ್ತಿನ ಹೊಸ ಬಳಕೆಯಿಂದ ಬರುವ ಅಪಾಯಕ್ಕೆ ಮುಖ್ಯ ಕಾರಣ ಅದನ್ನು ಅಳವಡಿಸುವವರ ಅಜ್ಞಾನ ಮತ್ತು ಅನುಭವದ ಕೊರತೆ ಎಂದು ಅದು ನೇರವಾಗಿ ಹೇಳುತ್ತದೆ. ಎಂಜಿನಿಯರನ್ನು ಕಾಡುವ ತೊಂದರೆಗಳು ಒಳಗೇ ಅಡಗಿರುತ್ತವೆ, ಕರೆಂಟ್ ಹಾಯಿಸಿ ಅಳೆದು ನೋಡದೆ ಅವು ಸಿಗುವುದಿಲ್ಲ ಎನ್ನುತ್ತದೆ. ಸೋರಿಕೆ, ತಂತಿಯಲ್ಲಿ ಅತಿಯಾದ ರೆಸಿಸ್ಟೆನ್ಸ್, ಕೆಟ್ಟ ಜಾಯಿಂಟು ಎಂದು ಹುಡುಕಬೇಕಾದ ಮೂರು ಕಳ್ಳರನ್ನೂ ಹೆಸರಿಸುತ್ತದೆ. ಇವತ್ತಿನ ಎಲೆಕ್ಟ್ರಿಷಿಯನ್ ಮೀಟರು ಹಿಡಿದು ಹುಡುಕುವುದೂ ಬಹುತೇಕ ಇವನ್ನೇ.

ಅಳೆಯುವ ಉಪಕರಣಕ್ಕೂ ಹೆಚ್ಚು ಕಾಯಬೇಕಾಗಲಿಲ್ಲ. ಸಿಡ್ನಿ ಎವರ್‌ಶೆಡ್ ಇನ್ಸುಲೇಷನ್ (ಕರೆಂಟು ಸೋರದಂತೆ ತಡೆಯುವ ಹೊದಿಕೆ) ಎಷ್ಟು ಗಟ್ಟಿ ಎಂದು ಅಳೆಯುವ ಸಾಧನಕ್ಕೆ 1889ರಲ್ಲೇ ಪೇಟೆಂಟ್ ಪಡೆದಿದ್ದರು. 1903ರಲ್ಲಿ 'ಮೆಗ್ಗರ್' ಎಂಬ ಹೆಸರು ನೋಂದಣಿಯಾಯಿತು. ಯಾವ ಕಂಪನಿಯ ಟೆಸ್ಟರು ಕೈಯಲ್ಲಿದ್ದರೂ 'ಮೆಗ್ಗರ್ ಹಾಕು' ಎನ್ನುವ ಮಾತು ಅಂದಿನಿಂದ ಉಳಿದುಬಂದಿದೆ. ಅಂದರೆ ಪರೀಕ್ಷೆ ಬೇಕೆಂಬ ಅರಿವೂ ಇತ್ತು, ಉಪಕರಣವೂ ಇತ್ತು. ಪರೀಕ್ಷೆ ಮಾಡಿಸಲೇಬೇಕು ಎನ್ನುವವರು ಮಾತ್ರ ಇರಲಿಲ್ಲ.

ಇದಕ್ಕೆ ಕಾರಣ ಆ ನಿಯಮಗಳ ಹುಟ್ಟಿನಲ್ಲೇ ಇದೆ. ಅವು ಸಂಸತ್ತು ಮಾಡಿದ ಕಾನೂನಲ್ಲ, ಒಂದು ಸಂಘದ ಸಲಹೆ. ಆವೃತ್ತಿಗಳು ಒಂದರ ಹಿಂದೊಂದು ಬಂದವು: 1888ರಲ್ಲಿ ಎರಡನೆಯದು, 1924ರಲ್ಲಿ ಎಂಟನೆಯದು, 1966ರಲ್ಲಿ ಹದಿನಾಲ್ಕನೆಯದು. ದೀಪದ ಸರ್ಕ್ಯೂಟಿಗೂ ಅರ್ಥ್ ವೈರು ಎಳೆಯಬೇಕೆಂಬ ಮಾತು ಈ ಹದಿನಾಲ್ಕನೆಯದರಲ್ಲಿ ಬಂತು. ಹಾಗಾಗಿ ಅದಕ್ಕೂ ಹಿಂದಿನ ಮನೆಗಳ ಸೀಲಿಂಗ್ ರೋಸ್ ಬಿಚ್ಚಿದರೆ ಈಗಲೂ ಎರಡೇ ವೈರು ಕಾಣುವುದುಂಟು. 1992ರಲ್ಲಿ ಹದಿನಾರನೆಯ ಆವೃತ್ತಿ ಬಿಎಸ್ 7671 ಎಂಬ ರಾಷ್ಟ್ರೀಯ ಮಾನದಂಡವಾಯಿತು. ಆಗಲೂ ಅದು ಕಾನೂನಾಗಲಿಲ್ಲ. ಕೆಲಸದ ಸ್ಥಳಗಳಿಗೆ 1989ರ ವಿದ್ಯುತ್ ಸುರಕ್ಷತಾ ಕಾನೂನು ಇತ್ತು. ಅದನ್ನು ಪಾಲಿಸಿದ್ದೇವೆ ಎಂದು ತೋರಿಸಲು ಬಿಎಸ್ 7671 ಆಧಾರವಾಗುತ್ತಿತ್ತು, ಅಷ್ಟೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಯೊಳಗಿನ ಹೊಸ ವೈರಿಂಗ್ ಕೆಲಸಕ್ಕೆ ಕಟ್ಟಡ ನಿಯಮದ ಕಡಿವಾಣ ಬಿದ್ದದ್ದು 2005ರ ಜನವರಿಯಲ್ಲಿ. ಅದೂ ಹೊಸ ಕೆಲಸಕ್ಕೆ ಮಾತ್ರ. ಗೋಡೆಯೊಳಗೆ ಆಗಲೇ ಕೂತಿದ್ದ ಹಳೆಯ ವೈರನ್ನು ಯಾರೂ ಕೇಳಲಿಲ್ಲ.

ಪರೀಕ್ಷೆಯ ಅಳತೆಗಳು ಇಷ್ಟರಲ್ಲಿ ಬಿಗಿಯಾಗುತ್ತಲೇ ಬಂದವು. ಒಂದೇ ಉದಾಹರಣೆ ಸಾಕು. 32 ಆಂಪಿಯರಿನ ಬಿ ಮಾದರಿ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್ಚು) ತಕ್ಷಣ ಬೀಳಬೇಕಾದರೆ ಅದರ ಐದು ಪಟ್ಟು, ಅಂದರೆ 160 ಆಂಪಿಯರ್ ಹರಿಯಬೇಕು. ಅಷ್ಟು ಹರಿಯಬೇಕಾದರೆ ಫೇಸ್‌ನಿಂದ ಅರ್ಥ್ ಮೂಲಕ ಸುತ್ತಿಬರುವ ದಾರಿಯ ಇಂಪಿಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಒಂದು ಮಿತಿಯೊಳಗಿರಬೇಕು. ಹದಿನಾರನೆಯ ಆವೃತ್ತಿ 240 ವೋಲ್ಟ್ ಲೆಕ್ಕ ಹಿಡಿದು ಈ ಮಿತಿಯನ್ನು 1.50 ಓಮ್ ಎಂದಿತ್ತು. ಬ್ರಿಟನ್ನಿನ ಘೋಷಿತ ವೋಲ್ಟೇಜು 230ಕ್ಕೆ ಇಳಿದ ಮೇಲೆ, 2008ರ ಹದಿನೇಳನೆಯ ಆವೃತ್ತಿ ಅದನ್ನು 1.44 ಮಾಡಿತು. ವೋಲ್ಟೇಜು ಕೆಲವೊಮ್ಮೆ ಇನ್ನಷ್ಟು ಕುಸಿಯುತ್ತದಲ್ಲ ಎಂದು 2015ರ ತಿದ್ದುಪಡಿ 0.95ರಿಂದ ಗುಣಿಸಿತು. ಉಳಿದದ್ದು 1.37. ವೈರು, ಎಂಸಿಬಿ ಎರಡೂ ಹಾಗೇ ಇದ್ದು, ಹಿಂದೆ 1.45 ತೋರಿಸಿ ಪಾಸಾದ ಸರ್ಕ್ಯೂಟು ಹೊಸ ಕೋಷ್ಟಕದೆದುರು ಫೇಲು.

ಹಾಗಾದರೆ ನಿಯಮ ಬದಲಾದಾಗಲೆಲ್ಲ ಹಳೆಯ ಮನೆ ಅಪಾಯಕಾರಿಯಾಗುತ್ತದೆಯೇ? ಇಡೀ ಕತೆಯ ಕಗ್ಗಂಟು ಇದೇ ಎಂದು ನನಗನಿಸುತ್ತದೆ. ಹಿಂದೆ ಪರೀಕ್ಷಾ ವರದಿಯಲ್ಲಿ ದೋಷಗಳಿಗೆ ಒಂದರಿಂದ ನಾಲ್ಕರವರೆಗೆ ಅಂಕೆ ಕೊಡುತ್ತಿದ್ದರು. ನಾಲ್ಕು ಎಂದರೆ 'ಈಗಿನ ಆವೃತ್ತಿಗೆ ಹೊಂದುವುದಿಲ್ಲ' ಎಂದಷ್ಟೇ ಅರ್ಥ. ಅದನ್ನು ನೋಡಿ ಮನೆಯವರು ಹೆದರುತ್ತಿದ್ದರು, ಕೆಲಸ ಗಿಟ್ಟಿಸುವವರಿಗೆ ಅದು ಸುಗ್ಗಿ. 2011ರ ತಿದ್ದುಪಡಿ ವರದಿಯ ಹೆಸರನ್ನೂ ಬದಲಿಸಿತು, ನಾಲ್ಕನೆಯ ಅಂಕೆಯನ್ನೂ ಕಿತ್ತುಹಾಕಿತು. ಈಗಿರುವುದು ಸಿ1 ಎಂದರೆ ಈಗಲೇ ಅಪಾಯ, ಸಿ2 ಎಂದರೆ ಅಪಾಯವಾಗಬಹುದು, ಸಿ3 ಎಂದರೆ ಸುಧಾರಿಸಿದರೆ ಒಳ್ಳೆಯದು, ಎಫ್‌ಐ ಎಂದರೆ ಇನ್ನಷ್ಟು ತನಿಖೆ ಬೇಕು. ಬರೀ ಸಿ3 ಇದ್ದರೆ ವರದಿ 'ತೃಪ್ತಿಕರ'ವೇ. ಮನೆಗಳಲ್ಲಿ ಹೊಸದಾಗಿ ಕೂರಿಸುವ ಫ್ಯೂಸ್ ಬಾಕ್ಸು 2016ರಿಂದ ಬೆಂಕಿ ಹತ್ತದ ವಸ್ತುವಿನದ್ದಾಗಿರಬೇಕು, ಸಾಮಾನ್ಯವಾಗಿ ಲೋಹದ್ದು. ಹಾಗೆಂದು ಹಳೆಯ ಪ್ಲಾಸ್ಟಿಕ್ ಬಾಕ್ಸು ಇದೆ ಎಂಬ ಒಂದೇ ಕಾರಣಕ್ಕೆ ಮನೆ ಫೇಲಾಗುವುದಿಲ್ಲ.

ಈ ವಿವೇಚನೆಯನ್ನು ಕಲಿಸಲೆಂದೇ ಇರುವುದು ಮಾರ್ಗದರ್ಶಿ ಟಿಪ್ಪಣಿ 3. ನಿಯಮಪುಸ್ತಕದ ಆರನೆಯ ಭಾಗ ಏನನ್ನು ಪರೀಕ್ಷಿಸಬೇಕೆಂದು ಹೇಳಿದರೆ, ಹೇಗೆ ಮತ್ತು ಯಾವ ಕ್ರಮದಲ್ಲಿ ಎಂಬುದನ್ನು ಇದು ಬಿಡಿಸಿ ಹೇಳುತ್ತದೆ. ಮೊದಲು ಕಣ್ಣಿನಿಂದ ತಪಾಸಣೆ, ಆಮೇಲೆ ಸಪ್ಲೈ ಆಫ್ ಮಾಡಿ ಕಂಟಿನ್ಯುಟಿ (ವೈರು ಎಲ್ಲೂ ಕಡಿದಿಲ್ಲವೇ ಎಂಬುದು) ಮತ್ತು ಇನ್ಸುಲೇಷನ್, ಕೊನೆಗೆ ಸಪ್ಲೈ ಕೊಟ್ಟು ಲೂಪ್ ಇಂಪಿಡೆನ್ಸ್ ಮತ್ತು ಆರ್‌ಸಿಡಿ (ಕರೆಂಟು ಸೋರಿದರೆ ಸಪ್ಲೈ ಕಡಿಯುವ ಸಾಧನ). ಅರ್ಥ್ ವೈರು ಕಡಿದುಹೋಗಿದೆ ಎಂದು ಕರೆಂಟು ಹರಿಸಿದ ಮೇಲೆ ಗೊತ್ತಾಗುವುದು ಯಾರಿಗೂ ಒಳ್ಳೆಯದಲ್ಲ.

ನಿಯಮ ಯಾವಾಗಲೂ ಬಿಗಿಯಾಗುತ್ತಲೇ ಹೋಗುತ್ತದೆ ಎಂದೇನಿಲ್ಲ. ಆರ್‌ಸಿಡಿಯನ್ನು ಹಿಂದೆ ಅದಕ್ಕೆ ನಿಗದಿಯಾದ ಕರೆಂಟಿನ ಅರ್ಧ ಪಟ್ಟು, ಒಂದು ಪಟ್ಟು, ಐದು ಪಟ್ಟು ಸೋರಿಕೆ ಕೊಟ್ಟು ಪರೀಕ್ಷಿಸುವುದು ವಾಡಿಕೆಯಾಗಿತ್ತು. ಹದಿನೆಂಟನೆಯ ಆವೃತ್ತಿಗೆ 2022ರಲ್ಲಿ ಬಂದ ಎರಡನೆಯ ತಿದ್ದುಪಡಿ ಅದನ್ನು ಒಂದೇ ಪರೀಕ್ಷೆಗೆ ಇಳಿಸಿತು: ಅದಕ್ಕೆ ನಿಗದಿಯಾದಷ್ಟೇ ಎಸಿ ಕರೆಂಟು ಕೊಟ್ಟಾಗ ಸಾಮಾನ್ಯ ಆರ್‌ಸಿಡಿ 300 ಮಿಲಿಸೆಕೆಂಡಿನೊಳಗೆ ಬಿದ್ದರೆ ಸಾಕು. ಮಿಕ್ಕದ್ದನ್ನು ತಯಾರಕರೇ ಪರೀಕ್ಷಿಸಿರುತ್ತಾರಲ್ಲ ಎಂಬುದು ವಾದ. ಅನೇಕ ಹಳಬರಿಗೆ ಇದು ಹಿಡಿಸಲಿಲ್ಲ. ಐದು ಪಟ್ಟು ಪರೀಕ್ಷೆಯನ್ನು ಅಭ್ಯಾಸಬಲದಿಂದ ಮುಂದುವರಿಸುವವರು ಈಗಲೂ ಇದ್ದಾರೆ.

2024ರ ಜುಲೈನಲ್ಲಿ ಬಂದ ಮೂರನೆಯ ತಿದ್ದುಪಡಿ ಚಿಕ್ಕದು, ಉಚಿತವಾಗಿ ಹಂಚಿದ್ದು. ಸೋಲಾರ್ ಮತ್ತು ಬ್ಯಾಟರಿ ಇರುವ ಮನೆಯಲ್ಲಿ ಕರೆಂಟು ಎರಡೂ ದಿಕ್ಕಿನಿಂದ ಬರುತ್ತದೆ. 'ಇನ್', 'ಔಟ್' ಎಂದು ಗುರುತಿರುವ ರಕ್ಷಣಾ ಸಾಧನವನ್ನು ಅಲ್ಲಿ ಹಾಕಿದರೆ, ಅದು ಬಿದ್ದ ಮೇಲೂ ಆಚೆ ಕಡೆಯಿಂದ ವಿದ್ಯುತ್ ನುಗ್ಗಿ ಒಳಗಿನ ಎಲೆಕ್ಟ್ರಾನಿಕ್ಸ್ ಸುಡಬಹುದು. ಹೊರಗಿನಿಂದ ನೋಡಿದರೆ ಸಾಧನ ಸರಿಯಾಗಿಯೇ ಕಾಣುತ್ತದೆ.

ಬಾಡಿಗೆ ಮನೆಗಳಿಗೆ ಕಡ್ಡಾಯ ಪರೀಕ್ಷೆ ತಂದವರಲ್ಲಿ ಸ್ಕಾಟ್ಲೆಂಡ್ ಮುಂದು, 2015ರ ಡಿಸೆಂಬರ್‌ನಲ್ಲೇ. ಆಮೇಲೆ ಇಂಗ್ಲೆಂಡ್, 2022ರಲ್ಲಿ ವೇಲ್ಸ್. ಇಂಗ್ಲೆಂಡಿನಲ್ಲಿ 2025ರ ನವೆಂಬರ್‌ನಿಂದ ಕೌನ್ಸಿಲ್ ಮತ್ತು ವಸತಿ ಸಂಸ್ಥೆಗಳ ಹೊಸ ಬಾಡಿಗೆ ಕರಾರುಗಳೂ ಇದರ ವ್ಯಾಪ್ತಿಗೆ ಬಂದಿವೆ. ತಾವೇ ಕೊಂಡ ಮನೆಯಲ್ಲಿ ತಾವೇ ವಾಸಿಸುವವರಿಗೆ ಮಾತ್ರ ಯಾವ ಕಡ್ಡಾಯವೂ ಇಲ್ಲ. ಹತ್ತು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎಂಬುದು ಅವರ ಪಾಲಿಗೆ 1882ರಲ್ಲಿದ್ದಂತೆ ಇಂದಿಗೂ ಬರೀ ಸಲಹೆ.