ರಾಜ್ಯದ ಗಡಿ ದಾಟುವ ನಾಯಿ, ಬೆಕ್ಕುಗಳ ಕಾಗದಪತ್ರ: ದಿನಾಂಕಗಳ ಲೆಕ್ಕ

ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ನಾಯಿಯನ್ನೋ ಬೆಕ್ಕನ್ನೋ ಕರೆದೊಯ್ಯಲು ಯಾವ ಕಾಗದ ಬೇಕು ಎಂದು ಯಾರಾದರೂ ಕೇಳಿದರೆ ಮೊದಲು ಹಾಕಬೇಕಾದ ಮರುಪ್ರಶ್ನೆ: ಯಾವ ರಾಜ್ಯಕ್ಕೆ? ಆರೋಗ್ಯದ ಷರತ್ತುಗಳನ್ನು ಗೊತ್ತುಮಾಡುವುದು ಪ್ರಾಣಿ ಸೇರುವ ರಾಜ್ಯ. ಕೇಂದ್ರ ಕೃಷಿ ಇಲಾಖೆಯಲ್ಲಿ ಪ್ರಾಣಿಗಳ ಆರೋಗ್ಯ ನೋಡಿಕೊಳ್ಳುವ ವಿಭಾಗವನ್ನು ಎಲ್ಲರೂ ‘ಎಫಿಸ್’ ಎನ್ನುತ್ತಾರೆ. ಮಾಲೀಕರು ತಮ್ಮ ಸಾಕುಪ್ರಾಣಿಯನ್ನು ದೇಶದೊಳಗೇ ಕರೆದೊಯ್ಯುವುದಕ್ಕೆ ಎಫಿಸ್ ಯಾವ ನಿಯಮವನ್ನೂ ಹಾಕಿಲ್ಲ. ಹೀಗಾಗಿ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಪಟ್ಟಿ ಎಲ್ಲೂ ಸಿಗುವುದಿಲ್ಲ. ಸೇರುವ ರಾಜ್ಯದ ಪಶುವೈದ್ಯಾಧಿಕಾರಿಯ ಕಚೇರಿ ಪ್ರಕಟಿಸಿದ್ದನ್ನೇ ಓದಬೇಕು. ಪಶುವೈದ್ಯ ಚಿಕಿತ್ಸಾಲಯದ ಮುಂಗಟ್ಟೆಯ (ರಿಸೆಪ್ಷನ್) ಕೆಲಸ ಕಲಿಯುತ್ತಿರುವ ನನ್ನಂಥವರಿಗಾಗಿ ಈ ಟಿಪ್ಪಣಿ. ವಿಷಯ ಮರೆಯುವ ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೇನೆ.

ಕಾಗದಗಳು ಎರಡೇ

ಒಂದು, ರೇಬೀಸ್ ಲಸಿಕೆಯ ಪ್ರಮಾಣಪತ್ರ. ಇನ್ನೊಂದು, ಪಶುವೈದ್ಯರು ಪ್ರಾಣಿಯನ್ನು ಕಣ್ಣಾರೆ ನೋಡಿ ಕೊಡುವ ತಪಾಸಣಾ ಪ್ರಮಾಣಪತ್ರ. ಎರಡನೆಯದಕ್ಕೆ ಕಚೇರಿ ಭಾಷೆಯಲ್ಲಿ ಸಿವಿಐ ಎಂದು ಹೆಸರು. ಜನ ‘ಹೆಲ್ತ್ ಸರ್ಟಿಫಿಕೇಟ್’ ಎಂದು ಕೇಳಿಕೊಂಡು ಬರುತ್ತಾರೆ. ಕೆಲವು ರಾಜ್ಯಗಳಿಗೆ ಎರಡೂ ಬೇಕು, ಕೆಲವಕ್ಕೆ ಮಾಲೀಕರ ಜೊತೆಯಲ್ಲೇ ಬರುವ ಪ್ರಾಣಿಯಾದರೆ ಮೊದಲನೆಯದು ಸಾಕು. ಮಾರಾಟಕ್ಕೋ ದತ್ತುವಿಗೋ ಹೋಗುವ ಪ್ರಾಣಿಯ ನಿಯಮ ಹೆಚ್ಚು ಬಿಗಿ. ಆದ್ದರಿಂದ ಸಿವಿಐನಲ್ಲಿರುವ ‘ಪ್ರಯಾಣದ ಉದ್ದೇಶ’ ಎಂಬ ಸಣ್ಣ ಅಂಕಣವನ್ನು ಕಡೆಗಣಿಸಬೇಡಿ. ಅಲ್ಲಿ ಬರೆದ ಒಂದು ಪದ ಅನ್ವಯವಾಗುವ ನಿಯಮವನ್ನೇ ಬದಲಾಯಿಸಬಹುದು.

ರೇಬೀಸ್ ಪ್ರಮಾಣಪತ್ರವನ್ನು ಕೈಗೆತ್ತಿಕೊಂಡಾಗ ನಾನು ನೋಡುವುದು ಇವಿಷ್ಟು: ಲಸಿಕೆಯ ಹೆಸರು, ತಯಾರಕರು, ಸೀರಿಯಲ್ ಸಂಖ್ಯೆ, ಹಾಕಿದ ದಿನಾಂಕ, ಮುಂದಿನ ಡೋಸ್ ಎಂದು, ವೈದ್ಯರ ಸಹಿ. ಕತ್ತಿನ ಪಟ್ಟಿಗೆ ಸಿಕ್ಕಿಸಿದ ಲೋಹದ ಬಿಲ್ಲೆಯ ಸಂಖ್ಯೆ ಬೇರೆ, ಲಸಿಕೆಯ ಸೀರಿಯಲ್ ಸಂಖ್ಯೆ ಬೇರೆ. ಬಿಲ್ಲೆಯೊಂದನ್ನೇ ತೋರಿಸಿ ‘ಲಸಿಕೆ ಆಗಿದೆ’ ಎನ್ನುವವರಿಗೆ ಪ್ರಮಾಣಪತ್ರದ ಪ್ರತಿ ತರಲು ಹೇಳಿ.

ಇಲ್ಲಿ ಇನ್ನೊಂದು ತೊಡಕಿದೆ. ಬಾಟಲಿಯ ಮೇಲೆ ‘ಮೂರು ವರ್ಷ’ ಎಂದಿದ್ದರೂ, ಪ್ರಾಣಿಯ ಜೀವಮಾನದ ಮೊದಲ ರೇಬೀಸ್ ಡೋಸ್ ಅದಾಗಿದ್ದರೆ ಮುಂದಿನದು ಒಂದು ವರ್ಷಕ್ಕೇ ಬರುತ್ತದೆ. ಮೂರು ವರ್ಷದ ಲೆಕ್ಕ ಶುರುವಾಗುವುದು ಆ ಬೂಸ್ಟರ್ ಆದ ಮೇಲೆ. ಮೊದಲ ಡೋಸ್ ಆಗಿ 28 ದಿನ ಕಳೆದ ಮೇಲೆ ಪ್ರಾಣಿಗೆ ರಕ್ಷಣೆ ಬಂದಿದೆ ಎಂದು ಪರಿಗಣಿಸುತ್ತಾರೆ. ಬೂಸ್ಟರ್ ಆದರೆ ಹಾಕಿದ ಕೂಡಲೇ. ಮೂರು ತಿಂಗಳು ತುಂಬದ ಮರಿಗೆ ಈ ಲಸಿಕೆ ಇನ್ನೂ ಆಗಿರುವುದಿಲ್ಲ. ಅಂಥ ಮರಿಯನ್ನು ಒಳಗೆ ಬಿಡುತ್ತಾರೆಯೇ ಎಂಬುದನ್ನು ಮತ್ತೆ ಆ ರಾಜ್ಯದ ನಿಯಮದಲ್ಲೇ ನೋಡಬೇಕು.

ಸಹಿ ಯಾರದು

ರಾಜ್ಯದ ಪರವಾನಗಿ ಇರುವ ಪಶುವೈದ್ಯರೆಲ್ಲರೂ ಸಿವಿಐ ಕೊಡಲಾರರು. ಕೃಷಿ ಇಲಾಖೆಯ ಮಾನ್ಯತೆಯೂ ಬೇಕು. ಮಾನ್ಯತೆಯಲ್ಲಿ ಎರಡು ವರ್ಗ. ಮೊದಲ ವರ್ಗದವರು ನಾಯಿ, ಬೆಕ್ಕುಗಳಂಥ ಪ್ರಾಣಿಗಳಿಗೆ ಸಹಿ ಹಾಕಬಹುದು. ದನ, ಕುರಿ, ಕುದುರೆ ಎರಡನೆಯ ವರ್ಗಕ್ಕೆ ಸೇರಿವೆ, ಹಕ್ಕಿಗಳೂ ಅಲ್ಲಿಯೇ. ಪಂಜರದ ಗಿಳಿ ಮನೆಯವರಿಗೆ ಎಷ್ಟೇ ಮುದ್ದಿನದಾದರೂ ಕಾನೂನಿನ ಕಣ್ಣಿಗೆ ಅದು ಕೋಳಿಯ ಸಾಲಿನದು; ನಾಯಿಯ ಕಾಗದ ಮಾಡಿಕೊಟ್ಟ ಅದೇ ವೈದ್ಯರಿಗೆ ಗಿಳಿಯ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಇಲ್ಲದಿರಬಹುದು. ಗಿಳಿಯವರು ಫೋನ್ ಮಾಡಿದಾಗಲೇ ವರ್ಗವನ್ನು ವಿಚಾರಿಸಿ, ಆಮೇಲೆ ಸಮಯ ಕೊಡಿ.

ಎರಡು ಹತ್ತು, ಒಂದು ಮೂವತ್ತು

ಮೇಲಿನದೆಲ್ಲ ಒಮ್ಮೆ ಓದಿದರೆ ತಲೆಗೆ ಹತ್ತುತ್ತದೆ. ನನ್ನನ್ನು ಸುಸ್ತು ಮಾಡಿದ್ದು ದಿನಾಂಕಗಳು. ‘ಹತ್ತು ದಿನ’ ಎಂಬ ಮಾತು ಎರಡು ಕಡೆ ಬರುತ್ತದೆ, ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಅದರ ಜೊತೆಗೆ ಮೂವತ್ತೂ ಬಂದು ಸೇರಿಕೊಳ್ಳುತ್ತದೆ. ಇವನ್ನು ಬಿಡಿಸಿ ಹೇಳುತ್ತೇನೆ.

ಮೊದಲ ಹತ್ತು ವೈದ್ಯರಿಗೆ ಸಂಬಂಧಿಸಿದ್ದು. ಮಾನ್ಯತೆ ಪಡೆದ ವೈದ್ಯರು ಪ್ರಮಾಣಪತ್ರ ಕೊಡುವ ದಿನಕ್ಕೆ ಹಿಂದಿನ ಹತ್ತು ದಿನಗಳೊಳಗೆ ಪ್ರಾಣಿಯನ್ನು ಸ್ವತಃ ಪರೀಕ್ಷಿಸಿರಬೇಕು. ಕಾಗದದ ಮೇಲೆ ಪರೀಕ್ಷಿಸಿದ ದಿನ ಒಂದು, ಸಹಿ ಹಾಕಿದ ದಿನ ಇನ್ನೊಂದು ಇರಬಹುದು ಎಂಬುದು ನನಗೆ ಹೊಳೆದದ್ದೇ ಈ ನಿಯಮ ಓದಿದಾಗ. ಅಲ್ಲಿಯವರೆಗೆ ಎರಡೂ ಒಂದೇ ಎಂಬ ಭಾವನೆಯಲ್ಲಿದ್ದೆ, ಏಕೆಂದರೆ ಸಾಮಾನ್ಯವಾಗಿ ಒಂದೇ ಆಗಿರುತ್ತವೆ.

ಎರಡನೆಯ ಹತ್ತು ಸಾಗಣೆಯದು. ಪ್ರಾಣಿಕಲ್ಯಾಣ ಕಾಯಿದೆಯಡಿಯ ನಿಯಮದ ಪ್ರಕಾರ ವ್ಯಾಪಾರಿಗಳು, ಪ್ರದರ್ಶಕರು ಮೊದಲಾದವರು ನಾಯಿ, ಬೆಕ್ಕುಗಳನ್ನು ಸಾಗಣೆದಾರರಿಗೆ ಒಪ್ಪಿಸುವಾಗ, ಒಪ್ಪಿಸುವ ದಿನಕ್ಕೆ ಹಿಂದಿನ ಹತ್ತು ದಿನಗಳೊಳಗೆ ಪಶುವೈದ್ಯರು ಅವನ್ನು ಪರೀಕ್ಷಿಸಿರಬೇಕು. ಎಷ್ಟೋ ವಿಮಾನಯಾನ ಸಂಸ್ಥೆಗಳು ಇದೇ ಹತ್ತನ್ನು ಸರಕು ವಿಭಾಗದಲ್ಲಿ ಹೋಗುವ ಮನೆಯ ಪ್ರಾಣಿಗಳಿಗೂ ಕೇಳುತ್ತವೆ. ಕ್ಯಾಬಿನ್‌ನಲ್ಲಿ ಕಾಲ ಬಳಿ ಚೀಲದಲ್ಲಿ ಕೂರುವ ಬೆಕ್ಕಿಗೆ ನಿಯಮ ಬೇರೆ ಇರಬಹುದು. ಟಿಕೆಟ್ ಮಾಡುವಾಗಲೇ ಆ ಸಂಸ್ಥೆಯ ಷರತ್ತನ್ನು ಓದಿ. ಕಾರಿನಲ್ಲಿ ಹೋಗುವವರಿಗೆ ಈ ಎರಡನೆಯ ಹತ್ತು ತಾಗುವುದೇ ಇಲ್ಲ.

ಮೂವತ್ತು ಸೇರುವ ರಾಜ್ಯದ್ದು. ಬಹಳಷ್ಟು ರಾಜ್ಯಗಳು ನಾಯಿ, ಬೆಕ್ಕಿನ ಸಿವಿಐ ಪ್ರವೇಶಕ್ಕೆ ಮುಂಚಿನ 30 ದಿನಗಳೊಳಗಿನದಾಗಿರಬೇಕು ಎನ್ನುತ್ತವೆ. ಯಾವುದರಿಂದ 30? ಕೆಲವರು ‘ಪರೀಕ್ಷಿಸಿದ’ ಎಂದು ಬರೆಯುತ್ತಾರೆ, ಕೆಲವರು ‘ನೀಡಿದ’ ಎಂದು. ಪದವನ್ನು ನೋಡಿ ಲೆಕ್ಕ ಹಾಕುವುದು ಸರಿಯಾದ ದಾರಿ. ಸುಲಭದ ದಾರಿ, ಯಾವಾಗಲೂ ಎರಡರಲ್ಲಿ ಹಿಂದಿನ ದಿನಾಂಕದಿಂದ ಎಣಿಸುವುದು. ನಾನು ಈ ಸುಲಭದ ದಾರಿಯನ್ನೇ ಹಿಡಿದಿದ್ದೇನೆ. ಹಾಗೆ ಎಣಿಸಿದರೆ ಎರಡು ಬಗೆಯ ಪದಕ್ಕೂ ಕಾಗದ ನಿಲ್ಲುತ್ತದೆ.

ಈಗ ನನ್ನ ಮೆಚ್ಚಿನ ಉಪಾಯ. ಬಿಳಿ ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಎಡಗಡೆ ‘ಇದಕ್ಕಿಂತ ಮೊದಲು ಹೋಗುವಂತಿಲ್ಲ’ ಎನ್ನುವ ದಿನಾಂಕಗಳು, ಬಲಗಡೆ ‘ಇದಾದ ಮೇಲೆ ಹೋಗುವಂತಿಲ್ಲ’ ಎನ್ನುವ ದಿನಾಂಕಗಳು. ಎಡಗಡೆಯಲ್ಲಿ ಎಲ್ಲಕ್ಕಿಂತ ಕೊನೆಯದನ್ನೂ ಬಲಗಡೆಯಲ್ಲಿ ಎಲ್ಲಕ್ಕಿಂತ ಮೊದಲಿನದನ್ನೂ ಸುತ್ತು ಹಾಕಿ. ಸುತ್ತು ಹಾಕಿದ ಎರಡರ ನಡುವೆ ಇರುವುದೇ ಪ್ರಯಾಣದ ಅವಕಾಶ. ಎಡಗಡೆಯ ದಿನ ಬಲಗಡೆಯದನ್ನು ದಾಟಿಹೋಗಿದ್ದರೆ ಅವಕಾಶವಿಲ್ಲ, ಯಾವುದಾದರೂ ಒಂದು ಕಾಗದವನ್ನು ಮತ್ತೆ ಮಾಡಿಸಬೇಕು.

ಲೆಕ್ಕವೊಂದನ್ನು ಮಾಡಿ ನೋಡೋಣ. ಎಳೆಯ ನಾಯಿಗೆ ಮೊದಲ ರೇಬೀಸ್ ಡೋಸ್ ಮೇ 20ರಂದು ಆಗಿದೆ. ಸೇರುವ ರಾಜ್ಯ 28 ದಿನ ಕಾಯಲು ಹೇಳುತ್ತದೆ ಎಂದುಕೊಳ್ಳಿ: ಎಡಗಡೆ ಜೂನ್ 17. ಸಿವಿಐಗಾಗಿ ಜೂನ್ 3ರಂದು ಪರೀಕ್ಷೆ, ಜೂನ್ 10ರಂದು ಸಹಿ. ಮೊದಲ ಹತ್ತಿನ ನಿಯಮಕ್ಕೆ ಇದು ಸರಿಯಿದೆ. ರಾಜ್ಯದ 30 ದಿನವನ್ನು ಜೂನ್ 3ರಿಂದ ಎಣಿಸಿದರೆ ಬಲಗಡೆ ಜುಲೈ 3. ಕಾರಿನ ಪ್ರಯಾಣವಾದರೆ ಜೂನ್ 17ರಿಂದ ಜುಲೈ 3ರವರೆಗೆ ಯಾವಾಗ ಬೇಕಾದರೂ ಹೋಗಬಹುದು.

ಅದೇ ನಾಯಿ ವಿಮಾನದ ಸರಕು ವಿಭಾಗದಲ್ಲಿ ಹೋಗುವುದಾದರೆ? ಬಲಗಡೆ ಇನ್ನೊಂದು ದಿನಾಂಕ ಬರುತ್ತದೆ: ಜೂನ್ 3ಕ್ಕೆ ಹತ್ತು ಕೂಡಿದರೆ ಜೂನ್ 13. ಎಡಗಡೆಯ 17 ಅದನ್ನು ದಾಟಿದೆ, ಅವಕಾಶ ಸೊನ್ನೆ. ಕಾಗದಗಳನ್ನು ಒಂದೊಂದಾಗಿ ನೋಡಿದರೆ ಎಲ್ಲವೂ ಸರಿಯಾಗಿಯೇ ಇವೆ, ಒಟ್ಟಿಗೆ ಇಟ್ಟಾಗ ಮಾತ್ರ ತೊಡಕು ಕಾಣುತ್ತದೆ. ಪರೀಕ್ಷೆಯನ್ನು ಜೂನ್ 12ಕ್ಕೆ ಸರಿಸಿ, ಅಂದೇ ಸಹಿ ಮಾಡಿಸಿದರೆ ಬಲಗಡೆ ಜೂನ್ 22 ಆಗುತ್ತದೆ. ಜೂನ್ 17ರಿಂದ 22ರವರೆಗೆ ದಾರಿ ತೆರೆಯುತ್ತದೆ. ಲಸಿಕೆಯನ್ನು ಮುಟ್ಟಬೇಕಾಗಿಲ್ಲ. ಅಂದರೆ ಪರೀಕ್ಷೆಯ ದಿನವನ್ನು ಕೊನೆಯಲ್ಲಿ ಗೊತ್ತುಮಾಡಬೇಕು, ಉಳಿದ ದಿನಾಂಕಗಳೆಲ್ಲ ಹಾಳೆಯ ಮೇಲೆ ಬಂದ ನಂತರ. ಮುಂಗಟ್ಟೆಯಲ್ಲಿ ನಡೆಯುವುದು ಇದಕ್ಕೆ ತಿರುಗಾಮುರುಗಾ: ಯಾರೋ ಫೋನ್ ಮಾಡುತ್ತಾರೆ, ಖಾಲಿ ಇರುವ ಹೊತ್ತಿಗೆ ಪರೀಕ್ಷೆ ಗೊತ್ತಾಗುತ್ತದೆ, ಆಮೇಲೆ ಟಿಕೆಟ್‌ನ ಮಾತು ಬರುತ್ತದೆ.

ಬಲಗಡೆಯಲ್ಲಿ ಜನ ಬರೆಯಲು ಮರೆಯುವ ಇನ್ನೊಂದು ದಿನಾಂಕ ರೇಬೀಸ್ ಲಸಿಕೆಯ ಅವಧಿ ಮುಗಿಯುವ ದಿನ. ಸಿವಿಐ ಹೊಚ್ಚಹೊಸದಾಗಿದ್ದು, ಲಸಿಕೆ ಪ್ರಯಾಣದ ನಡುವೆ ಮುಗಿದರೆ ಪ್ರಯೋಜನವಿಲ್ಲ. ನಮ್ಮ ಕಡೆಯಿಂದ ಹೋದವರಿಗೆ ಒಂದು ಎಚ್ಚರಿಕೆ ಬೇರೆ: ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 06/03 ಎಂದರೆ ಜೂನ್ 3, ಮಾರ್ಚ್ 6 ಅಲ್ಲ. ಹಾಳೆಗೆ ಇಳಿಸುವಾಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಹವಾಯಿ ಎಂಬ ಬೇರೆ ಲೋಕ

ಅಮೆರಿಕದ ಐವತ್ತು ರಾಜ್ಯಗಳಲ್ಲಿ ರೇಬೀಸ್ ಇಲ್ಲದ್ದು ಹವಾಯಿ ಒಂದೇ. ಅದನ್ನು ಹಾಗೇ ಉಳಿಸಿಕೊಳ್ಳಲು ಅಲ್ಲಿ 120 ದಿನಗಳವರೆಗಿನ ಕ್ವಾರಂಟೈನ್ ಇದೆ. ಅದನ್ನು ತಪ್ಪಿಸಬೇಕಾದರೆ ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು. ಮೊದಲು ಮೈಕ್ರೋಚಿಪ್, ಅಂದರೆ ಚರ್ಮದಡಿ ಸೇರಿಸುವ ಗುರುತಿನ ಚಿಪ್. ಕನಿಷ್ಠ 30 ದಿನಗಳ ಅಂತರದಲ್ಲಿ ಎರಡು ರೇಬೀಸ್ ಲಸಿಕೆ. ಆಮೇಲೆ ಎಫ್‌ಎವಿಎನ್ ಎಂಬ ರಕ್ತಪರೀಕ್ಷೆ (ರೇಬೀಸ್ ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂದು ನೋಡುವುದು), ಫಲಿತಾಂಶ 0.5 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಚಿಪ್ ಏಕೆ ಮೊದಲು ಎಂದರೆ, ರಕ್ತದ ಮಾದರಿಯ ಜೊತೆ ಹೋಗುವ ಫಾರಂನಲ್ಲಿ ಅದರ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಆ ರಕ್ತ ಈ ನಾಯಿಯದೇ ಎನ್ನಲು ಆಧಾರವೇ ಇರುವುದಿಲ್ಲ.

ಮಾದರಿ ಪ್ರಯೋಗಾಲಯ ತಲುಪಿದ ಮೇಲೆ 30 ದಿನ ಕಾಯಬೇಕು. ರಕ್ತ ತೆಗೆದ ದಿನ, ಫಲಿತಾಂಶ ಬಂದ ದಿನ ಇವೆರಡೂ ಲೆಕ್ಕಕ್ಕಿಲ್ಲ. ಈ ಕಾಯುವಿಕೆ ಹಿಂದೆ 120 ದಿನ ಇತ್ತು, 2018ರಲ್ಲಿ 30ಕ್ಕೆ ಇಳಿಯಿತು. ಹಳೆಯ ಬರಹಗಳಲ್ಲಿ ಇನ್ನೂ 120 ಎಂದೇ ಕಂಡರೆ ಗಾಬರಿಯಾಗಬೇಡಿ. ಈ 30 ನಮ್ಮ ಹಾಳೆಯ ಎಡಗಡೆಗೆ ಸೇರಿದ್ದು, ಸಿವಿಐಯ 30 ಬಲಗಡೆಗೆ ಸೇರಿದ್ದು. ಅಂಕಿ ಒಂದೇ ಆದ್ದರಿಂದ ಎರಡನ್ನೂ ಒಂದೇ ಕಡೆ ಬರೆದುಬಿಡುವ ಸಾಧ್ಯತೆ ಹೆಚ್ಚು.

ರಕ್ತದಲ್ಲಿ ಪ್ರತಿಕಾಯ ಚೆನ್ನಾಗಿದೆ, ಹಾಗಾದರೆ ಬೇರೆ ರಾಜ್ಯಕ್ಕೆ ಹೋಗಲು ಬೂಸ್ಟರ್ ಏಕೆ ಎಂದು ಕೇಳುವವರು ಇದ್ದಾರೆ. ರೇಬೀಸ್ ನಿಯಂತ್ರಣದ ಮಾರ್ಗಸೂಚಿ ರಕ್ತಪರೀಕ್ಷೆಯನ್ನು ಲಸಿಕೆಗೆ ಬದಲಿಯಾಗಿ ಒಪ್ಪುವುದಿಲ್ಲ. ಹವಾಯಿಯೂ ಲಸಿಕೆಯ ಜೊತೆಗೇ ಅದನ್ನು ಕೇಳುತ್ತದೆ.

ಕಾಗದದಿಂದ ಆಗದ ಕೆಲಸ

ಫೆರೆಟ್ (ಮುಂಗುಸಿಯಂತೆ ಕಾಣುವ ಸಣ್ಣ ಸಾಕುಪ್ರಾಣಿ) ಸಾಕಿದವರು ಕ್ಯಾಲಿಫೋರ್ನಿಯಾಕ್ಕೋ ಹವಾಯಿಗೋ ಹೊರಟರೆ ಯಾವ ಪ್ರಮಾಣಪತ್ರವೂ ನೆರವಿಗೆ ಬಾರದು; ಅಲ್ಲಿ ಆ ಪ್ರಾಣಿಯನ್ನು ಸಾಕುವುದಕ್ಕೇ ನಿಷೇಧವಿದೆ. ನಾಯಿ, ಬೆಕ್ಕು ಬಿಟ್ಟು ಬೇರೇನಾದರೂ ಇದ್ದರೆ, ತರಲು ಬಿಡುತ್ತಾರೆಯೇ ಎಂಬುದನ್ನು ಮೊದಲು ನೋಡಿ, ಕಾಗದದ ಮಾತು ನಂತರ.

ಅಲಾಸ್ಕಾಕ್ಕೆ ಕಾರಿನಲ್ಲಿ ಹೋಗುವುದು ಹೆಸರಿಗೆ ರಾಜ್ಯದಿಂದ ರಾಜ್ಯಕ್ಕೆ, ಆದರೆ ದಾರಿ ಕೆನಡಾದ ಮೂಲಕ. ಅಲ್ಲಿಗೆ ಎರಡು ದೇಶಗಳ ಗಡಿಯ ಲೆಕ್ಕ ಬಂತು: ಒಳಹೋಗಲು ಕೆನಡಾದ ರೇಬೀಸ್ ನಿಯಮ, ಮತ್ತೆ ಅಮೆರಿಕದೊಳಗೆ ಬರಲು ರೋಗನಿಯಂತ್ರಣ ಕೇಂದ್ರದ ನಿಯಮ. 2024ರ ಆಗಸ್ಟ್ 1ರಿಂದ ಹೊರದೇಶದಿಂದ ಅಮೆರಿಕಕ್ಕೆ ಬರುವ ಪ್ರತಿಯೊಂದು ನಾಯಿಗೂ, ವಾಪಸು ಬರುವುದಕ್ಕೂ ಸೇರಿಸಿ, ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ನಾಯಿ ಆಮದು ಫಾರಂ ತುಂಬಿದ ರಸೀದಿ ಕೈಯಲ್ಲಿರಬೇಕು. ಹೀಗಾಗಿ ನಾಲ್ಕು ತಿಂಗಳ ಮರಿಯನ್ನು ಸಿಯಾಟಲ್‌ನಿಂದ ಅಲಾಸ್ಕಾದ ಆಂಕರೇಜ್‌ಗೆ ನೇರ ವಿಮಾನದಲ್ಲಿ ಒಯ್ಯಬಹುದು, ಕಾರಿನಲ್ಲಿ ಒಯ್ದರೆ ಅಲಾಸ್ಕಾದ ಗಡಿಯಲ್ಲಿ ನಿಲ್ಲಬೇಕಾಗುತ್ತದೆ. ಇಂಥವರು ಬಂದಾಗ ಹಾಳೆಯ ಎಡಗಡೆ ಮೊದಲು ಬರೆಯಬೇಕಾದದ್ದು ಮರಿಗೆ ಆರು ತಿಂಗಳು ತುಂಬುವ ದಿನಾಂಕ.