ಕಲ್ಲು ಹಾಕಿಸಿದವರು ಯಾರು?

ಕಳೆದ ತಿಂಗಳೂ ಅದೇ ಆಯಿತು. ವಾಟ್ಸಾಪಿನಲ್ಲಿ ಹಳೆಯ ಸಮಾಧಿ ಕಲ್ಲಿನ ಒಂದು ಫೋಟೊ, ಅದರ ಕೆಳಗೆ ಒಂದು ಸಾಲು: “ಸರ್, ಹುಟ್ಟಿದ ತಾರೀಖು ಸಿಕ್ಕೇಬಿಡ್ತು. ಕಲ್ಲಿನ ಮೇಲೇ ಇದೆ!” ಕಳಿಸಿದವರು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಧಾರವಾಡದ ಹುಡುಗ. ಹೆಂಡತಿ ಒಹಾಯೋದವಳೇ, ರೈತರ ಮನೆತನದವಳು. ಅವಳ ಆರು ತಲೆ ಹಿಂದಿನ ಅಜ್ಜಿಯೊಬ್ಬಳ ಜೀವನ ಹುಡುಕಿಕೊಡಬೇಕು, ಫ್ರೇಮು ಹಾಕಿಸಿ ಮಾವನ ಮನೆಗೆ ಕೊಡುತ್ತೇನೆ ಎಂದು ಆತ ನನ್ನ ಬಳಿ ಬಂದಿದ್ದ. ಅಮೆರಿಕದ ಮಿಡ್‌ವೆಸ್ಟ್‌ನ ರೈತ ಕುಟುಂಬಗಳ ವಂಶಾವಳಿ ಹುಡುಕುವುದು ನನ್ನ ಕಸುಬು. ಹೊಟ್ಟೆಪಾಡಿಗೆ ಸಾಕಾಗುವಷ್ಟು ಕೆಲಸ ಸಿಗುತ್ತದೆ, ಸಿಟ್ಟು ಬರುವಷ್ಟೂ ಸಿಗುತ್ತದೆ.

ಸಿಟ್ಟು ಬರುವುದು ಈ ‘ಕಲ್ಲಿನ ಮೇಲೇ ಇದೆ’ ಎಂಬ ಮಾತಿಗೆ. ಇದನ್ನು ಹೇಳದ ಗಿರಾಕಿಯನ್ನು ನಾನು ಇನ್ನೂ ಕಂಡಿಲ್ಲ. ಕಾಗದದ ಮೇಲಿದ್ದರೆ ಅನುಮಾನ ಪಡುತ್ತಾರೆ, ಕಲ್ಲಿನ ಮೇಲಿದ್ದರೆ ಕೈ ಮುಗಿಯುತ್ತಾರೆ. ಅದರಲ್ಲೂ ಕನ್ನಡದವರು ಹೀಗೆ ಮಾಡಿದರೆ ನನಗೆ ಇನ್ನಷ್ಟು ಬೇಸರ. ನಮ್ಮಲ್ಲಿ ಊರಿಗೊಂದು ಶಾಸನ ಇದೆ. ಶಾಸನ ಓದುವವರು ಮೊದಲು ಕೇಳುವುದೇ ಇದನ್ನು ಯಾರು ಹಾಕಿಸಿದರು, ಯಾವಾಗ ಹಾಕಿಸಿದರು, ಅಕ್ಷರದ ರೂಪ ಆ ಕಾಲದ್ದೇ ಅಥವಾ ಆಮೇಲಿನದೇ ಎಂದು. ಆ ಮೂರು ಪ್ರಶ್ನೆಗಳು ಸಾಗರ ದಾಟಿದ ಕೂಡಲೇ ಮರೆತುಹೋಗಬೇಕೆ?

ಆ ಫೋಟೊದಲ್ಲಿದ್ದ ಬರಹ ಇಷ್ಟು: ಹೆಂಗಸಿನ ಒಂದು ಹೆಸರು, ಅದರ ಕೆಳಗೆ ‘ಇಂಥವನ ಹೆಂಡತಿ’, ಸತ್ತದ್ದು 1863ರ ಮಾರ್ಚ್ 3, ವಯಸ್ಸು 41 ವರ್ಷ 7 ತಿಂಗಳು 20 ದಿನ. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರು ಬೇಡ ಎಂದಿದ್ದಾರೆ. ಹುಡುಗ ಲೆಕ್ಕ ಹಾಕಿ 1821ರ ಜುಲೈ 13 ಎಂದು ತೀರ್ಮಾನಿಸಿದ್ದ.

ಈ ಲೆಕ್ಕದಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಸಂಗತಿ ಇದು. ಆ ಕಾಲದ ಕಲ್ಲುಗಳಲ್ಲಿ ಹುಟ್ಟಿದ ತಾರೀಖಿನ ಬದಲು ಬದುಕಿದ ವರ್ಷ, ತಿಂಗಳು, ದಿನ ಕೆತ್ತುವ ರೂಢಿ ವ್ಯಾಪಕವಾಗಿತ್ತು. ಹಿಂದಕ್ಕೆ ಕಳೆಯುತ್ತಾ ಹೋದರೆ ಹುಟ್ಟಿದ ದಿನ ಸಿಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಯಾವ ಕಡೆಯಿಂದ ಕಳೆಯುತ್ತೀರಿ? ಮೊದಲು 20 ದಿನ, ಆಮೇಲೆ 7 ತಿಂಗಳು, ಕೊನೆಗೆ 41 ವರ್ಷ ಕಳೆದರೆ ಜುಲೈ 11. ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಕಳೆದರೆ ಜುಲೈ 14. ವಂಶಾವಳಿ ಹುಡುಕುವವರಲ್ಲಿ ಒಂದು ಸುಲಭ ಸೂತ್ರ ಇದೆ: ಸತ್ತ ತಾರೀಖನ್ನು 18630303 ಎಂದು ಒಂದೇ ಸಂಖ್ಯೆಯಾಗಿ ಬರೆದು, ಅದರಿಂದ ವಯಸ್ಸು 410720 ಕಳೆದು, ಉಳಿದದ್ದರಿಂದ 8870 ಕಳೆಯುವುದು. ತಿಂಗಳಿಗೆ ಮೂವತ್ತೇ ದಿನ ಎಂದು ಹಿಡಿಯುವ ಆ ಸೂತ್ರದಲ್ಲಿ ಜುಲೈ 13 ಬರುತ್ತದೆ. ಒಂದೇ ಕಲ್ಲು, ಒಂದೇ ಬರಹ, ಮೂರು ಹುಟ್ಟುಹಬ್ಬ. 1863ರಲ್ಲಿ ಲೆಕ್ಕ ಹಾಕಿದವರು ಯಾವ ಕಡೆಯಿಂದ ಹಾಕಿದರು ಎಂದು ಕಲ್ಲು ಹೇಳುವುದಿಲ್ಲ. ಮನೆಯ ಬೈಬಲ್ಲಿನಲ್ಲಿ ಹುಟ್ಟಿದ ದಿನ ಬರೆದಿತ್ತೇ, ಅಥವಾ ದುಃಖದಲ್ಲಿದ್ದ ಗಂಡ ನೆನಪಿನಿಂದ ಹೇಳಿದನೇ, ಅದನ್ನೂ ಹೇಳುವುದಿಲ್ಲ. ಇದೆಲ್ಲ ಅಂಕಿಗಳನ್ನು ಸರಿಯಾಗಿ ಓದಿದ್ದೇವೆ ಎಂದುಕೊಂಡರೆ ಮಾತ್ರ. ಸವೆದ ಕಲ್ಲಿನಲ್ಲಿ 1, 4, 7 ಮೂರೂ ಅಣ್ಣತಮ್ಮಂದಿರು. 3 ಮತ್ತು 8 ಅವಳಿಜವಳಿ.

ಎರಡು ಮೂರು ದಿನದ ವ್ಯತ್ಯಾಸಕ್ಕೆ ಇಷ್ಟು ಗಲಾಟೆಯೇ ಎಂದು ಕೇಳುತ್ತೀರಿ. ಸರಿ, ದಿನ ಬಿಡಿ. 1850ರ ಜನಗಣತಿಯಲ್ಲಿ ಆಕೆಯ ವಯಸ್ಸು 26, 1860ರ ಗಣತಿಯಲ್ಲಿ 34. ಹತ್ತು ವರ್ಷದಲ್ಲಿ ಎಂಟು ವರ್ಷ ದೊಡ್ಡವಳಾಗಿದ್ದಾಳೆ. ಇದರಲ್ಲಿ ಆಶ್ಚರ್ಯವೇನಿಲ್ಲ, ಗಣತಿದಾರ ಬಂದಾಗ ಮನೆಯಲ್ಲಿ ಇದ್ದವರು, ಕೆಲವೊಮ್ಮೆ ಪಕ್ಕದ ಮನೆಯವರು ಹೇಳಿದ್ದನ್ನೇ ಆತ ಬರೆದುಕೊಳ್ಳುತ್ತಿದ್ದ. ಹಾಗಾಗಿ ಕಲ್ಲಿನ ಪ್ರಕಾರ 1821, ಗಣತಿಗಳ ಪ್ರಕಾರ 1823ರಿಂದ 1826ರ ನಡುವೆ ಎಲ್ಲೋ. ಕಲ್ಲೇ ಗಟ್ಟಿ ಎಂದು ಹುಡುಗನ ವಾದ. ಗಟ್ಟಿ ಹೌದು, ಗ್ರಾನೈಟ್ ಗಟ್ಟಿಯೇ.

ನನಗೆ ಅನುಮಾನ ಬಂದದ್ದೂ ಅಲ್ಲೇ. ಅಂಕಿ ಓದುವ ಮೊದಲೇ ನನ್ನ ಕಣ್ಣು ಕಲ್ಲಿನ ಜಾತಿ ನೋಡುತ್ತದೆ. 1860ರ ದಶಕದಲ್ಲಿ ಆ ಸೀಮೆಯ ರೈತರು ಸಾಮಾನ್ಯವಾಗಿ ಹಾಕಿಸುತ್ತಿದ್ದದ್ದು ಬಿಳಿ ಅಮೃತಶಿಲೆಯ ತೆಳ್ಳನೆಯ ಹಲಗೆ. ಅದು ಮಳೆಗೆ ಕರಗುತ್ತದೆ. ನೂರೈವತ್ತು ವರ್ಷದ ನಂತರ ಮುಟ್ಟಿದರೆ ಸಕ್ಕರೆಯಂತೆ ಬೆರಳಿಗೆ ಪುಡಿ ಅಂಟುತ್ತದೆ. ಈ ಫೋಟೊದಲ್ಲಿದ್ದದ್ದು ಬೂದುಬಣ್ಣದ, ನುಣುಪಾಗಿ ಮೆರುಗು ಕೊಟ್ಟ ಗ್ರಾನೈಟ್, ಅಕ್ಷರಗಳ ಅಂಚು ನಿನ್ನೆ ಕೆತ್ತಿದಂತೆ ಚೂಪು. ಇಂಥ ಕಲ್ಲು ಹಳ್ಳಿಯ ಸ್ಮಶಾನಗಳಿಗೆ ಹೆಚ್ಚಾಗಿ ಬಂದದ್ದು ಆ ಶತಮಾನದ ಕೊನೆಗೆ, ಗ್ರಾನೈಟನ್ನು ಯಂತ್ರದಿಂದ ಕೊಯ್ದು ಮೆರುಗು ಕೊಡುವುದು ಅಗ್ಗವಾದ ಮೇಲೆ. ಬೇರೆ ರಾಜ್ಯಗಳ ಮಾತು ಬೇರೆ ಇರಬಹುದು. ನ್ಯೂ ಇಂಗ್ಲೆಂಡಿನ ಸ್ಲೇಟು ಕಲ್ಲುಗಳ ಬಗ್ಗೆ ನನ್ನನ್ನು ಕೇಳಬೇಡಿ.

ಮುಂದಿನ ಶನಿವಾರ ಹೊರಟೆವು. ಹುಡುಗನ ಜೊತೆ ಅವನ ತಾಯಿಯೂ ಬಂದಿದ್ದರು, ಆರು ತಿಂಗಳ ವೀಸಾದ ಮೇಲೆ ಮಗನ ಮನೆಗೆ ಬಂದವರು. ಮೆಕ್ಕೆಜೋಳದ ಹೊಲದ ನಡುವೆ ಅರ್ಧ ಎಕರೆ ಹುಲ್ಲು, ನಾಲ್ಕು ಮೇಪಲ್ ಮರ, ಐವತ್ತು ಅರವತ್ತು ಕಲ್ಲು. ಹುಡುಗ ಕಾರಿನ ಡಿಕ್ಕಿಯಿಂದ ಬ್ಲೀಚಿನ ಬಾಟಲಿ, ತಂತಿ ಬ್ರಷ್ಷು ತೆಗೆದ. ಅಕ್ಷರ ಚೆನ್ನಾಗಿ ಕಾಣಲಿ ಎಂದಂತೆ. ಅದನ್ನು ಕೈಯಿಂದ ಕಿತ್ತುಕೊಂಡೆ, ಮತ್ತೆ ಡಿಕ್ಕಿಗೆ ಹಾಕಿದೆ. ಬ್ಲೀಚು, ತಂತಿ ಬ್ರಷ್ಷು, ಶೇವಿಂಗ್ ಕ್ರೀಮು, ಮೈದಾಹಿಟ್ಟು, ಸೀಮೆಸುಣ್ಣ, ಇವು ಯಾವುವೂ ಬೇಡ. ಒಂದು ಕನ್ನಡಿ ಸಾಕು. ಬಿಸಿಲನ್ನು ಕಲ್ಲಿನ ಒಂದು ಪಕ್ಕದಿಂದ ಅಡ್ಡವಾಗಿ ಬೀಳುವಂತೆ ಹಿಡಿದರೆ ಅಳಿಸಿಹೋಯಿತು ಎಂದುಕೊಂಡ ಅಕ್ಷರದ ನೆರಳೂ ಎದ್ದು ನಿಲ್ಲುತ್ತದೆ.

ಕಲ್ಲಿನ ನೆತ್ತಿಯ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಕೆತ್ತನೆ ಇತ್ತು. ತಾಯಿ ಬಗ್ಗಿ ನೋಡಿ, “ಈ ಕೈ ಹೆಣ್ಮಗಳದ್ದು, ತೋಳಿಗೆ ಝಾಲರಿ ಐತಿ ನೋಡ್ರಿ” ಎಂದರು. ನಿಜ. ಒಂದು ಕೈಗೆ ನೆರಿಗೆಯ ಅಂಚು, ಇನ್ನೊಂದಕ್ಕೆ ಬರೀ ಕೋಟಿನ ತೋಳು. ಗಂಡ ಹೆಂಡಿರ ಕೈ ಎಂದು ತಿಳಿಸಲು ಶಿಲ್ಪಿಗಳು ಹೀಗೆ ಮಾಡುತ್ತಿದ್ದರು. ನಮ್ಮ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ತೋಳೊಂದು ಕಂಬದಿಂದ ಹೊರಬಂದು ನಿಂತಿರುತ್ತದಲ್ಲ, ನನಗೆ ಅದು ನೆನಪಾಯಿತು. ಇಲ್ಲಿನ ಕಲ್ಲುಗಳ ಭಾಷೆಯೂ ನಮಗೆ ಅಷ್ಟೇನೂ ಹೊಸದಲ್ಲ. ಆ ಶತಮಾನದ ಮೊದಲ ಭಾಗದ ಕಲ್ಲುಗಳಲ್ಲಿ ‘ಕನ್ಸಾರ್ಟ್’ ಎಂದು ಕೆತ್ತಿದ್ದರೆ ಗಂಡನಿಗಿಂತ ಮೊದಲು ಹೋದವಳು, ‘ರೆಲಿಕ್ಟ್’ ಎಂದಿದ್ದರೆ ಗಂಡ ಸತ್ತ ಮೇಲೆ ಉಳಿದವಳು. ಮುತ್ತೈದೆ ಸಾವು ಎನ್ನುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಗ್ರಾನೈಟಿನ ಒಂದೇ ಪೀಠದ ಮೇಲೆ ಮೂರು ಹೆಸರಿದ್ದವು: ಗಂಡ, ಈಕೆ, ಎರಡನೇ ಹೆಂಡತಿ. ಮೂರೂ ಒಂದೇ ಕೈಯ ಅಕ್ಷರ. ಸತ್ತ ವರ್ಷಗಳ ನಡುವೆ ಕಾಲು ಶತಮಾನ ಇರುವಾಗ ಅಕ್ಷರ ಒಂದೇ ಕೈಯದ್ದು ಹೇಗಾಯಿತು? ಆಮೇಲೆ ಕೌಂಟಿ (ಅಲ್ಲಿನ ಜಿಲ್ಲೆ) ಕೋರ್ಟಿನಲ್ಲಿ ಗಂಡನ ಆಸ್ತಿ ವಿಲೇವಾರಿಯ ಕಟ್ಟು ಬಿಚ್ಚಿದಾಗ ಕಲ್ಲಿಗೆ ದುಡ್ಡು ಕೊಟ್ಟ ರಸೀದಿ ಸಿಕ್ಕಿತು. ಹಾಕಿಸಿದವನು ಎರಡನೇ ಹೆಂಡತಿಯ ಮಗ. ಈಕೆ ಸತ್ತು ಇಪ್ಪತ್ತೈದು ವರ್ಷ ಕಳೆದ ಮೇಲೆ, ಈಕೆಯನ್ನು ಕಣ್ಣಿನಿಂದಲೂ ನೋಡದವನು. ಆತ ಹೇಳಿದ ದಿನ, ತಿಂಗಳು, ವರ್ಷ ನಿಮ್ಮ ಫ್ರೇಮಿನ ಹುಟ್ಟಿದ ತಾರೀಖು. ಹಳೆಯ ಕಲ್ಲಿನಿಂದಲೇ ಅಂಕಿ ನೋಡಿ ಬರೆಸಿರಬಹುದು, ಸುಳ್ಳೆಂದು ನಾನು ಹೇಳುವುದಿಲ್ಲ. ಸಾಕ್ಷಿ ಯಾರು ಎಂದಷ್ಟೇ ಕೇಳುತ್ತೇನೆ.

ಸಾವಿನ ದಾಖಲೆ ಕೋರ್ಟಿನಲ್ಲಿ ಇರುತ್ತದಲ್ಲ ಎಂದು ಹುಡುಗ. ಇರುವುದಿಲ್ಲ. ಒಹಾಯೋದ ಕೌಂಟಿಗಳು ಜನನ ಮರಣ ಬರೆದಿಡಲು ಶುರು ಮಾಡಿದ್ದು 1867ರಲ್ಲಿ, ಈಕೆ ನಾಲ್ಕು ವರ್ಷ ಮೊದಲೇ ಹೋದಳು. ಗಣತಿಯ ಜೊತೆ ಬರೆದ ಮರಣಪಟ್ಟಿಯಲ್ಲಿ ಗಣತಿಗೆ ಹಿಂದಿನ ಹನ್ನೆರಡು ತಿಂಗಳ ಸಾವು ಮಾತ್ರ, 1863 ಅಲ್ಲೂ ಬರುವುದಿಲ್ಲ. 1850ಕ್ಕೆ ಮೊದಲಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ. ಹೆಂಡತಿ ಇಷ್ಟರಿಂದ ಇಷ್ಟು ವರ್ಷದೊಳಗಿನ ಒಬ್ಬ ಹೆಂಗಸು ಎಂಬ ಒಂದು ಗೀಟು.

ಆಗ ತಾಯಿ ಕೇಳಿದರು, “ಅಲ್ರೀ ಸರ್, ಅದೆಲ್ಲಾ ಇರ್ಲಿ. ಆಕಿ ತವರುಮನಿ ಯಾವ್ದು?”

ಇಪ್ಪತ್ತು ವರ್ಷದಲ್ಲಿ ಇದನ್ನು ಮೊದಲ ದಿನವೇ ಕೇಳಿದ ಗಿರಾಕಿ ಬಹಳ ಅಪರೂಪ. ಎಲ್ಲರಿಗೂ ತಾರೀಖು ಬೇಕು. ಹುಟ್ಟಿದ ಮನೆ ಗೊತ್ತಾದರೆ ತಾರೀಖು ತಾನಾಗಿ ಹತ್ತಿರ ಬರುತ್ತದೆ ಎಂದರೆ ಕೇಳುವುದಿಲ್ಲ. ನಾನು, “ಅಮ್ಮ, ಕಲ್ಲಿನ ಮೇಲೆ ಅದು ಇಲ್ಲ” ಎಂದೆ. “ಇರೂದಿಲ್ಲ ಬಿಡ್ರಿ. ನಮ್ಮನಿಗೆ ಹೆಳವ ಬರ್ತಿದ್ದ, ಎತ್ತಿನ ಮ್ಯಾಲೆ ಕುಂತು ಏಳು ತಲಿ ಗಂಡಸರ ಹೆಸರು ಹೇಳ್ತಿದ್ದ. ನಮ್ಮತ್ತಿ ಹೆಸರು ಕೇಳಿದ್ರ ತಲಿ ಕೆರ್ಕೊಂತಿದ್ದ” ಎಂದು ನಕ್ಕರು.

ಗ್ರಾನೈಟಿನ ಹಿಂದೆ, ಹುಲ್ಲಿನಲ್ಲಿ ಅರ್ಧ ಹೂತ ಒಂದು ಅಮೃತಶಿಲೆಯ ತುಂಡು ಕಂಡದ್ದೂ ಅವರಿಗೇ. ಮೊಣಕಾಲೆತ್ತರವೂ ಇಲ್ಲ. ಕಾಲಕಡೆ ನೆಡುವ ಕಲ್ಲು. ಹೊಸ ಕಲ್ಲು ಬಂದಾಗ ತಲೆಕಡೆಯದನ್ನು ಕಿತ್ತುಹಾಕಿ ಇದನ್ನು ಮರೆತಿರಬೇಕು. ಕನ್ನಡಿ ಹಿಡಿದಾಗ ಮೂರು ಅಕ್ಷರ ಕಂಡವು. ಮೊದಲನೆಯದು ಆಕೆಯ ಹೆಸರಿನದು, ಮೂರನೆಯದು ಗಂಡನ ಮನೆತನದ್ದು. ನಡುವಿನದು ಎಲ್ಲೂ ಇಲ್ಲದ ಅಕ್ಷರ. ನಡು ಅಕ್ಷರ ತವರಿನದೇ ಆಗಿರಬೇಕೆಂದಿಲ್ಲ, ಎಷ್ಟೋ ಸಲ ಬರೀ ಎರಡನೇ ಹೆಸರಾಗಿರುತ್ತದೆ. ಆದರೂ ಒಂದು ದಾರಿ.

ಆ ಅಕ್ಷರ ಹಿಡಿದು ಸುತ್ತಲಿನ ಟೌನ್‌ಶಿಪ್ಪುಗಳ (ಕೌಂಟಿಯೊಳಗಿನ ಹೋಬಳಿಗಳಂಥವು) ಕ್ರಯಪತ್ರಗಳಲ್ಲಿ ಮೂರು ವಾರ ಹುಡುಕಿದೆ. ರೈತ ಹೆಂಗಸರು ಸಿಗುವುದು ಅಲ್ಲೇ. ಗಂಡ ಹೊಲ ಮಾರಬೇಕಾದರೆ ಹೆಂಡತಿ ತನ್ನ ವಿಧವೆಯ ಪಾಲನ್ನು ಬಿಟ್ಟುಕೊಡಬೇಕಿತ್ತು, ಅಧಿಕಾರಿ ಅವಳನ್ನು ಗಂಡನಿಂದ ದೂರ ಕರೆದು ‘ಒತ್ತಾಯವಿಲ್ಲ ತಾನೆ?’ ಎಂದು ಕೇಳಿ ಬರೆಯಬೇಕಿತ್ತು. ಅಪ್ಪ ಸತ್ತು ಹೊಲ ಪಾಲಾದರೆ ಹೆಣ್ಣುಮಕ್ಕಳೂ ವಾರಸುದಾರರು, ಅವರ ಗಂಡಂದಿರ ಹೆಸರಿನ ಸಮೇತ. ಅಂಥದ್ದೇ ಒಂದು ಪತ್ರದಲ್ಲಿ ಏಳು ಜನ ಅಕ್ಕತಂಗಿ ಅಣ್ಣತಮ್ಮಂದಿರ ನಡುವೆ ಈಕೆಯೂ, ಪಕ್ಕದಲ್ಲಿ ಗಂಡನೂ ಸಿಕ್ಕರು. ನಡುವಿನ ಅಕ್ಷರ ಹೊಂದಿತು. ಅವಳ ಹೆಸರಿನ ಎದುರು ಹೆಬ್ಬೆಟ್ಟಿನ ಬದಲು ಹಾಕುವ ಗುಣಿಸು ಗುರುತು ಇತ್ತು. ಆಕೆಯೇ ಹಾಕಿದ್ದು ಎಂದು ಭಾವುಕರಾಗಬೇಡಿ. ಕೌಂಟಿಯ ಪುಸ್ತಕದಲ್ಲಿ ಇರುವುದು ಗುಮಾಸ್ತ ಮಾಡಿಕೊಂಡ ನಕಲು. ಓದು ಬರಹ ಬರುತ್ತಿರಲಿಲ್ಲ ಎಂದು ಊಹಿಸಬಹುದು, ಅಷ್ಟೇ. ಆಸೆ ಪಟ್ಟ ಹುಟ್ಟಿದ ತಾರೀಖು ಮಾತ್ರ ಅಪ್ಪನ ಮನೆಯ ಕಾಗದಗಳಲ್ಲೂ ಸಿಗಲಿಲ್ಲ.

ವರದಿಯಲ್ಲಿ ‘ಹುಟ್ಟಿದ್ದು ಸುಮಾರು 1821–1826’ ಎಂದು ಬರೆದೆ. ಹುಡುಗ ಫೋನ್ ಮಾಡಿ, “ಸರ್, ಫ್ರೇಮಿಗೆ ಒಂದೇ ತಾರೀಖು ಹಾಕಿದ್ರೆ ಚೆನ್ನಾಗಿರುತ್ತೆ” ಎಂದ. ನಾನು ಉತ್ತರ ಕೊಡುವ ಮೊದಲೇ ತಾಯಿ ಫೋನ್ ತೆಗೆದುಕೊಂಡರು. ವರದಿಯ ಕೊನೆಯ ಪುಟ ಅವರ ಕೈಯಲ್ಲಿತ್ತು, 1860ರ ಕೃಷಿ ಗಣತಿಯ ನಕಲು. ಅದರಲ್ಲಿ ಗಂಡನ ಹೆಸರಿನ ಎದುರು ಹಾಲು ಕೊಡುವ ಹಸು ನಾಲ್ಕು, ವರ್ಷದಲ್ಲಿ ತೆಗೆದ ಬೆಣ್ಣೆ 300 ಪೌಂಡು ಎಂದಿದೆ. ಅದೇ ವರ್ಷದ ಜನಗಣತಿಯಲ್ಲಿ ಹೆಂಡತಿಯ ಎದುರು ಉದ್ಯೋಗದ ಅಂಕಣ ಖಾಲಿ.

“300 ಪೌಂಡ್ ಅಂದ್ರ ಎಷ್ಟ್ರೀ ಕಿಲೋ?”

“ನೂರ ಮೂವತ್ತಾರು, ಅಮ್ಮ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೆಕ್ಕ ಹಾಕುತ್ತಿದ್ದರು. “ವಾರಕ್ಕ ಎರಡೂವರಿ ಕಿಲೋ ಮ್ಯಾಲಾತು. ಕೈಲೆ ಕಡದದ್ದು, ಮಿಕ್ಸರ್ ಇಲ್ಲ ಏನಿಲ್ಲ, ಬಗಲಾಗ ಕೂಸು ಬ್ಯಾರೆ. ಇದನ್ನ ಹಾಕ್ರಿ ಫ್ರೇಮಿಗೆ.”