ಲೈನ್‌ಮನ್‌ಗೆ ಬೈದ್ರೆ ಅದು ಕಂಪ್ಲೇಂಟ್ ಆಗಲ್ಲ

ಸಾಗರ, ತೀರ್ಥಹಳ್ಳಿ ಕಡೆ ಹದಿನಾಲ್ಕು ವರ್ಷದಿಂದ ಫೈಬರ್ ಲೈನ್ ನೋಡ್ಕೊಳ್ತಿದೀನಿ. ನೆಟ್ ವಿಷಯಕ್ಕೆ ಜನರ ಸಿಟ್ಟು ನ್ಯಾಯವಾದದ್ದೇ. ಪಂಚಾಯ್ತಿ ಪಂಚಾಯ್ತಿಗೂ ಫೈಬರ್ ಅಂತ 2011ರಲ್ಲಿ ಕೇಂದ್ರ ಒಪ್ಪಿದ ಯೋಜನೆ, ಆಮೇಲೆ ಭಾರತ್‌ನೆಟ್ ಅಂತ ಹೆಸರೂ ಬದಲಾಯ್ತು, ಗಡುವು ಮಾತ್ರ ಮುಂದೆ ಮುಂದೆ ಹೋಗ್ತಾನೇ ಬಂತು. ಇನ್ನು ಖಾಸಗಿಯವರ ಜಾಹೀರಾತಲ್ಲಿ "100 ಎಂಬಿಪಿಎಸ್ ವರೆಗೆ" ಅಂತಿರುತ್ತಲ್ಲ, ಆ 'ವರೆಗೆ' ಯಾರ ಕಣ್ಣಿಗೂ ಬೀಳಲ್ಲ. ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸ್ಕೊಳ್ಳೋಕೆ ಕನಿಷ್ಠ 2 ಎಂಬಿಪಿಎಸ್ ಸಾಕು, ಅದೂ 2023ರಲ್ಲಿ ಏರಿಸಿದ್ದು, ಮೊದಲು ಬರೀ 512 ಕೆಬಿಪಿಎಸ್.

ಆದ್ರೆ ಇಷ್ಟು ಸಿಟ್ಟಿರೋ ಜನ ಕಂಪ್ಲೇಂಟ್ ಬರೆಸೋದೇ ಇಲ್ಲ, ನನಗೆ ಬೇಜಾರಾಗೋದು ಇಲ್ಲೇ.

ಕಳೆದ ಮಳೆಗಾಲದಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರು ತಿಂಗಳಿಗೆ ಇಪ್ಪತ್ತು ಸಲ ನನ್ನ ಮೊಬೈಲಿಗೇ ಫೋನ್ ಮಾಡೋರು. ಮಗಳು ವರ್ಕ್ ಫ್ರಂ ಹೋಮ್, ಮೀಟಿಂಗ್ ಇದ್ದಾಗೆಲ್ಲ ಲ್ಯಾಪ್‌ಟಾಪ್ ಹಿಡ್ಕೊಂಡು ಗುಡ್ಡ ಹತ್ತಬೇಕು, ಪಾಪ. ಡಾಕೆಟ್ ನಂಬರ್, ಅಂದ್ರೆ ದೂರು ದಾಖಲಾದಾಗ ಕಂಪನಿ ಕೊಡೋ ನಂಬರ್, ಎಷ್ಟು ಸಾರ್ ಅಂದ್ರೆ "ನಿನ್ನ ನಂಬರೇ ಇದೆಯಲ್ಲೋ ಮಾರಾಯ, ಮತ್ತೆ ಅದ್ಯಾಕೆ" ಅನ್ನೋರು. ನಾನು ಹೋಗಿ ತೋಟದ ಅಡಿಕೆ ಮರಕ್ಕೆ ಕಟ್ಟಿದ ಜಾಯಿಂಟ್ ಬಾಕ್ಸ್ (ಫೈಬರ್ ಜೋಡಿಸಿ ಇಡೋ ಡಬ್ಬ) ಬಿಚ್ಚಿದ್ರೆ ಒಳಗೆ ನೀರು, ಇರುವೆ ಗೂಡು. ಒರೆಸಿ, ಫೈಬರ್ ಎಳೆ ಮತ್ತೆ ಜೋಡಿಸಿ ಬಂದ್ರೆ ನಾಲ್ಕು ದಿನ ಚೆನ್ನಾಗಿರೋದು, ಆಮೇಲೆ ಮೋಡೆಮಲ್ಲಿ ಅದೇ ಕೆಂಪು ಲೈಟು. ಹೊಸ ಬಾಕ್ಸ್ ಕೊಡಿ ಅಂತ ಆಫೀಸಲ್ಲಿ ಕೇಳಿದೆ. ಕಂಪ್ಯೂಟರ್ ತೆಗೆದು ತೋರಿಸಿದ್ರು, ಆ ರೂಟಲ್ಲಿ ಮೂರು ತಿಂಗಳಿಂದ ಒಂದೇ ಒಂದು ದೂರಿಲ್ಲ, ಬಾಕ್ಸ್ ಯಾಕೆ ಅಂತ.

ಅರ್ಥ ಆಯ್ತಲ್ವಾ? ನನಗೆ ಬೈದಿದ್ದು, ಏಜೆಂಟ್‌ಗೆ ವಾಟ್ಸಾಪ್ ಮಾಡಿದ್ದು, ಅಂಗಡಿ ಮುಂದೆ ಕೂಗಾಡಿದ್ದು ಯಾವುದೂ ದಾಖಲೆ ಅಲ್ಲ. ಕಸ್ಟಮರ್ ಕೇರಿಗೆ ಫೋನ್ ಮಾಡಿ ಡಾಕೆಟ್ ನಂಬರ್ ಇಸ್ಕೊಂಡ್ರೆ ಮಾತ್ರ ದೂರು. ಲೈನ್‌ಮನ್ ಬಂದು ಸರಿಮಾಡಿದ್ರೂ ಇಸ್ಕೊಳ್ಳಿ, ಪ್ರತಿ ಸಲ ಕೆಟ್ಟಾಗಲೂ ಹೊಸದು ಇಸ್ಕೊಳ್ಳಿ. ಸರಿ ಮಾಡದೇ 'ಕ್ಲೋಸ್ ಆಗಿದೆ' ಅಂತ ಮೆಸೇಜ್ ಬಂದ್ರೆ ಅದೇ ನಂಬರ್ ಹಿಡಿದು ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು, ನಂಬರಿಲ್ಲದೆ ಅಲ್ಲಿ ಏನಂತ ಹೇಳ್ತೀರಿ? ಸೀದಾ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಬರೆಯೋರೂ ಇದಾರೆ, ಆದ್ರೆ ಟ್ರಾಯ್‌ನವರು ಒಬ್ಬೊಬ್ಬರ ದೂರು ವಿಚಾರಣೆ ಮಾಡಲ್ಲ. ಸ್ಪೀಡ್ ಬಗ್ಗೆ ದೂರಾದ್ರೆ ಲ್ಯಾನ್ ಕೇಬಲ್ ಹಾಕಿ ಟೆಸ್ಟ್ ಮಾಡಿ, ವೈಫೈ ರಿಸಲ್ಟ್ ತೋರಿಸಿದ್ರೆ ತಪ್ಪನ್ನ ನಿಮ್ಮ ಮನೆ ಗೋಡೆ ಮೇಲೆ ಹಾಕಿಬಿಡ್ತಾರೆ. ಇಷ್ಟು ಮಾಡಿದ್ರೆ ಆಗೇ ಆಗುತ್ತೆ ಅಂತ ಗ್ಯಾರಂಟಿ ಕೊಡಲ್ಲ, ಆದ್ರೆ ಮಾಡದಿದ್ರೆ ನನ್ನಂಥವನ ಹತ್ರ ತೋರಿಸೋಕೆ ಏನೂ ಇರಲ್ಲ.

ಕೊನೆಗೆ ಮೇಷ್ಟ್ರು ಅಕ್ಕಪಕ್ಕದ ಆರು ಮನೆಯವರನ್ನೂ ಕೂರಿಸ್ಕೊಂಡು ಎಲ್ಲರ ಹತ್ರಾನೂ ದೂರು ಬರೆಸಿದ್ರು. ಹದಿನೈದು ದಿನಕ್ಕೆ ಹೊಸ ಬಾಕ್ಸ್ ಬಂತು. ಅವರ ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕ ಈಗಲೂ ಆ ಡಾಕೆಟ್ ನಂಬರುಗಳಿವೆ.